ನಿಂತ ನೀರಿನ ಮೇಲೆ ಒಂದು ಬಂಪರು

ನಾನು ನಿಂತಿದ್ದು ಹಿನ್ನೀರು ದಾಟಿಸುವ ಲಾಂಚಿನ ಬಲಗಡೆ, ಕಬ್ಬಿಣದ ಕಂಬಿಯಿಂದ ಎರಡು ಹೆಜ್ಜೆ ಈಚೆ, ಸುತ್ತಿಟ್ಟ ಹಗ್ಗದ ಪಕ್ಕದಲ್ಲಿ. ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತೈದು ನಿಮಿಷದಿಂದ ಸುಮಾರು ಕಾಲು ಗಂಟೆ ಅಲ್ಲಿಂದ ಕದಲಲಿಲ್ಲ. ಕದಲುವಂತೆಯೂ ಇರಲಿಲ್ಲ. ನನ್ನನ್ನು ಅಲ್ಲಿ ನಿಲ್ಲಿಸಿದ್ದು ತೂಕದ ಕಲ್ಲಿನ ಹಾಗೆ! ನಿಲ್ಲಿಸಿದವನು ನಮ್ಮ ಸೋದರಮಾವ.

ಈ ಮಾವನ ಲೆಕ್ಕದಲ್ಲಿ ಪ್ರಪಂಚದಲ್ಲಿ ನೇರವಾಗಿದ್ದದ್ದು ಎರಡೇ. ಒಂದು, ನಿಂತ ನೀರು. ಇನ್ನೊಂದು, ಅವನ ಎಡಗಣ್ಣು. ಮಿಕ್ಕಿದ್ದೆಲ್ಲ ಸೊಟ್ಟ. ನೀವು, ನಾನು, ಸಾಗರದ ಪೇಟೆ, ಹೊಸನಗರದ ರಸ್ತೆ, ಎಲ್ಲವೂ!

ಯಾರ ಮನೆಗೆ ಹೋದರೂ ಕಾಫಿ ಬರುವುದರೊಳಗೆ ಅವನು ಗೋಡೆಯ ಫೋಟೋ ನೇರ ಮಾಡುತ್ತಿದ್ದ. ಒಮ್ಮೆ ಒಬ್ಬರ ಮನೆಯಲ್ಲಿ ಅಜ್ಜನ ಫೋಟೋವನ್ನು ನಾಲ್ಕು ಸಲ ತಿದ್ದಿದರೂ ಅದು ನೇರವಾಗಲಿಲ್ಲ. ಮಾವ ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ದಿಟ್ಟಿಸಿ ತೀರ್ಪು ಕೊಟ್ಟ: “ಅಜ್ಜ ಸರಿ ಇದಾರೆ. ಗೋಡೆ ಕೆಡವಿ ಕಟ್ಟಿಸ್ರಿ.” ನನಗೆ ಹುಡುಗಿ ನೋಡಲು ಹೋದಾಗಲೂ ಇವನೇ ಹಿರಿಯ. ಹುಡುಗಿ ಬಂದು ಕುಳಿತಳು. ಮಾವ ಒಂದು ಕಣ್ಣು ಮುಚ್ಚಿದ. “ಅರ್ಧ ಬೆರಳು ತಗ್ಗು” ಎಂದ. ಅವನು ನೋಡುತ್ತಿದ್ದುದು ಹುಡುಗಿಯ ಹಿಂದಿನ ಬಾಗಿಲನ್ನು! ಅದನ್ನು ಯಾರಿಗೆ ಹೇಗೆ ವಿವರಿಸುವುದು? ಆ ಸಂಬಂಧ ತಪ್ಪಿತು. ಅವರ ಬಾಗಿಲು ಮಾತ್ರ ಮುಂದಿನ ತಿಂಗಳೇ ಸರಿಯಾಯಿತಂತೆ.

ಮಾವ ಮೊದಲು ಬಾಗಿಲು, ಕಿಟಕಿ ಕೂರಿಸುವ ಬಡಗಿ. ಮರದ ಕೆಲಸ ಕಡಿಮೆಯಾದ ಮೇಲೆ ಸಾಗರದಲ್ಲಿ ಹೊಸನಗರ ರಸ್ತೆಗೆ ತಾಗಿ ಒಂದು ಶೆಡ್ಡು ಹಾಕಿ ವಾಹನಗಳ ಡೊಂಕು ತೆಗೆಯಲು ಶುರು ಮಾಡಿದ. ಕೆಲಸ ಬದಲಾಯಿತು, ಬುದ್ಧಿ ಬದಲಾಗಲಿಲ್ಲ. ಕಾರನ್ನೂ ಬಾಗಿಲಿನ ಹಾಗೆಯೇ ನೋಡುತ್ತಿದ್ದ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಎರಡು ತುದಿ ಎತ್ತಿ ಹಿಡಿದರೆ ಎರಡೂ ಕಡೆ ನೀರು ಒಂದೇ ಎತ್ತರಕ್ಕೆ ನಿಲ್ಲುತ್ತದಲ್ಲ, ಗೋಡೆ ಕಟ್ಟುವವರ ಆ ಉಪಾಯ, ಅದೇ ಅವನ ದೊಡ್ಡ ಯಂತ್ರ. ಅವನ ಮಗಳು ಸುಮ ಅದೇ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದಳು. ಅವಳ ಯಂತ್ರ ಆರಂಗುಲದ ಒಂದು ಸ್ಟೀಲ್ ಸ್ಕೇಲು. ಅಪ್ಪ ಮಗಳ ಜಗಳವೆಲ್ಲ ಪೈಪಿಗೂ ಸ್ಕೇಲಿಗೂ ನಡೆಯುವ ಜಗಳ.

ಹೀಗಿರುವಾಗ ತೀರ್ಥಹಳ್ಳಿಯ ಹಲ್ಲಿನ ಡಾಕ್ಟರೊಬ್ಬರು ಕೆಂಪು ಸ್ಪೋರ್ಟ್ಸ್ ಕಾರು ತೆಗೆದುಕೊಂಡು ಬಂದರು. ಎರಡೇ ಸೀಟು. ನೆಲಕ್ಕೂ ಕಾರಿಗೂ ನಡುವೆ ಬೆಕ್ಕು ನುಸುಳಬಹುದು, ಅದೂ ಊಟ ಮಾಡಿರದ ಬೆಕ್ಕು! ಇಂಥ ಕಾರನ್ನು ನಮ್ಮ ರಸ್ತೆಗೆ ತರುವವರಿಗೆ ಏನೆನ್ನಬೇಕು? ಹೊಸನಗರ ದಾಟಿ ಎರಡನೇ ಹಂಪಿನಲ್ಲಿ ಮುಂದಿನ ಬಂಪರು ಎಡಗಡೆ ಕಿತ್ತು ಜೋತುಬಿದ್ದಿತ್ತು.

ಮಾವ ಬಗ್ಗಿ ನೋಡಿ ಹೇಳಿದ: “ಡಾಕ್ಟ್ರೇ, ಮೇಲ್ದವಡೆ ಗಟ್ಟಿ ಇದೆ. ಕೆಳದವಡೆ ಜೋತಿದೆ. ಪೂರ್ತಿ ಕಿತ್ತು ಹೊಸಾ ಸೆಟ್ ಹಾಕಣನಾ, ಇರೋದನ್ನೇ ಕಟ್ಟಣನಾ?”

“ಕಟ್ಟಿ ಮಾರಾಯ್ರೆ. ತುಮರಿಗೆ ಹೋಗ್ಬೇಕು, ಅತ್ತೆ ಮನೆ. ಮೊದಲನೇ ಸಲ ಕಾರು ತಗೊಂಡು ಹೋಗ್ತಿದೀನಿ.”

ಮಾವ ಬಗ್ಗಿದ ಪಟ್ಟಿ ತಟ್ಟಿ, ಮುರಿದ ಕ್ಲಿಪ್ಪಿನ ಜಾಗಕ್ಕೆ ಬೋಲ್ಟು ಕೊಟ್ಟು, ಪೈಪು ಹಿಡಿದು, ಬಂಪರನ್ನು ನೀರಿನ ಮಟ್ಟಕ್ಕೆ ಸರಿಯಾಗಿ ಕೂರಿಸಿದ. ಡಾಕ್ಟರು ಕಾರನ್ನು ರಸ್ತೆಗೆ ಇಳಿಸಿದರು. ಬಂಪರು ಒಂದು ಕಡೆಯಿಂದ ನಗುತ್ತಿತ್ತು! ಯಾಕೆಂದರೆ ಶೆಡ್ಡಿನ ಅಂಗಳ ಮಳೆ ನೀರು ಹರಿದು ಹೋಗಲೆಂದು ಓರೆಯಾಗಿತ್ತು. ಕಾರು ಓರೆಯಾಗಿ ನಿಂತಿತ್ತು. ಮಾವ ಬಂಪರನ್ನು ಭೂಮಿಗೆ ನೇರ ಮಾಡಿದ್ದ, ಕಾರಿಗಲ್ಲ.

“ಅಪ್ಪ, ಬಂಪರ್ ಕಾರಿಗೆ ಸಮ ಇದ್ರೆ ಆತು. ಬಾನೆಟ್ಟಿಗೂ ಇದಕ್ಕೂ ನಡುವಿನ ಸಂದು ನೋಡು. ಎರಡೂ ಕಡೆ ಒಂದೇ ಬರ್ಬೇಕು” ಎಂದಳು ಸುಮ.

“ಕಾರೇ ಸೊಟ್ಟ ಇದ್ರೆ? ಸೊಟ್ಟ ಚೌಕಟ್ಟಿಗೆ ಸಮನಾಗಿ ಬಾಗಿಲು ಹಚ್ಚೋದು ಎಂತಾ ಕೆಲಸನೇ?”

ಇಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಆ ವರ್ಷದ ಮಳೆಗಾಲದಲ್ಲಿ ಮಾವ ಒಂದು ಟೆಂಪೋದ ಬಾಗಿಲನ್ನು ಸೊಟ್ಟ ಕೂರಿಸಿದ್ದ. ದಾರಿಯಲ್ಲಿ ಅದು ತಾನಾಗಿ ತೆರೆದುಕೊಂಡು, ಪಕ್ಕದಲ್ಲಿ ಕುಳಿತವನು ಕಂಬಿ ಹಿಡಿದದ್ದಕ್ಕೆ ಬದುಕಿದ. ಅಂದಿನಿಂದ ಸುಮ ಅಪ್ಪನಿಗೆ “ಶೆಡ್ಡು ಬಿಡು, ಮನೆಯಲ್ಲಿರು” ಎನ್ನುತ್ತಿದ್ದಳು. ಈಗ ಡಾಕ್ಟರ ಮುಂದೆ, ನನ್ನ ಮುಂದೆ, ಮಾವ ಕೊರಳಿನ ದಾರದಲ್ಲಿ ನೇತಾಡುತ್ತಿದ್ದ ಶೆಡ್ಡಿನ ಬೀಗದಕೈಯನ್ನು ಎತ್ತಿ ತೋರಿಸಿದ.

“ನೋಡು. ಈ ಬಂಪರ್ ನೇರ ಕೂತ್ರೆ ಶೆಡ್ಡು ನಂದು, ಇನ್ನೊಂದು ಸಲ ಬಾಯಿ ಬಿಡ್ಬಾರ್ದು. ಸೊಟ್ಟ ಕೂತ್ರೆ ಇದು ನಿನ್ನ ಕೈಗೆ. ನಾಳೆಯಿಂದ ನಾನು ಕಾಲಿಡಲ್ಲ.”

“ಆಯ್ತು” ಎಂದಳು ಸುಮ. ಗೆಲ್ಲಬೇಕೋ ಸೋಲಬೇಕೋ ಅವಳಿಗೇ ಗೊತ್ತಿದ್ದಂತೆ ಕಾಣಲಿಲ್ಲ.

ಇನ್ನು ಸಮತಟ್ಟು ಜಾಗ ಬೇಕು. ಮಲೆನಾಡಿನಲ್ಲಿ ಸಮತಟ್ಟು! ಮಾವ ಸ್ಕೂಲಿನ ಮೈದಾನ ನೋಡಿದ, ಓರೆ. ಬಸ್ ಸ್ಟ್ಯಾಂಡ್ ನೋಡಿದ, ಓರೆ. ಕೊನೆಗೆ ಹಣೆ ಬಡಿದುಕೊಂಡ. “ಡಾಕ್ಟ್ರೇ, ನೀವು ತುಮರಿಗೆ ಹೋಗೋದು ಹ್ಯಾಂಗೆ? ಲಾಂಚಲ್ಲಿ ತಾನೆ? ಲಾಂಚ್ ಇರೋದು ಎಲ್ಲಿ? ನೀರಿನ ಮೇಲೆ! ನೀರಿಗಿಂತ ಮಟ್ಟ ಯಾವುದದೆ?”

ಸಾಗರಕ್ಕೂ ತುಮರಿಗೂ ನಡುವೆ ಇರುವ ಅಣೆಕಟ್ಟಿನ ಹಿನ್ನೀರಿಗೆ ಆಗ ಸೇತುವೆ ಆಗಿರಲಿಲ್ಲ. ವಾಹನ, ಜನ ಎಲ್ಲ ಲಾಂಚಿನಲ್ಲೇ ದಾಟಬೇಕು. ಬೋಲ್ಟು ಸಡಿಲಿಸಿ, ಬಂಪರನ್ನು ಹಗ್ಗದಲ್ಲಿ ಎತ್ತಿ ಕಟ್ಟಿಕೊಂಡು ಹೊರಟೆವು. ಕಾರು ಲಾಂಚಿನ ಮುಂಭಾಗದಲ್ಲಿ ನಿಂತಿತು. ಆಚೆ ದಡದಲ್ಲಿ ವಾಹನ ಇಳಿಯುವ ಹಲಗೆ ಇಳಿಸಿದಾಗ ಅದು ಕಡಿದಾಗಿ ಇರುತ್ತದೆ. ಅಷ್ಟರೊಳಗೆ ಬಂಪರು ಗಟ್ಟಿಯಾಗಿ, ನೇರವಾಗಿ, ಮೇಲಕ್ಕೆ ಕೂರದಿದ್ದರೆ ಹಲಗೆಗೆ ಸಿಕ್ಕಿ ಪೂರ್ತಿ ಕಿತ್ತು ಬರುತ್ತದೆ. ಇದ್ದ ಸಮಯ ಇಪ್ಪತ್ತು ನಿಮಿಷ.

ಮಾವ ಲಾಂಚಿನ ಎಡ ಕಂಬಿಯಿಂದ ಬಲ ಕಂಬಿಗೆ ಪೈಪು ಕಟ್ಟಿ ನೋಡಿದ. ಮುಖ ಕಪ್ಪಿಟ್ಟಿತು. ನೀರು ಮಟ್ಟವೇ, ಲಾಂಚು ಸೊಟ್ಟ! ಎಡಗಡೆ ಒಂದು ಬಸ್ಸು ನಿಂತಿತ್ತು. ಸಾಲದ್ದಕ್ಕೆ ಈ ಕೆಂಪು ಕಾರನ್ನು ನೋಡಲು ಬಸ್ಸಿನ ಜನವೆಲ್ಲ ಇಳಿದು ಎಡಗಡೆಯೇ ಸೇರಿದ್ದರು.

“ಹದಿನೈದು ಜನ ಬಲಗಡೆ ಹೋಗ್ರಿ! ದಪ್ಪ ಇರೋರು ಮೊದ್ಲು!”

ಯಾರೂ ಹೋಗಲಿಲ್ಲ. ದಪ್ಪ ಇದ್ದೇನೆಂದು ಒಪ್ಪುವವರು ಯಾರು? ಆಗ ಮಾವ ನನ್ನ ತೋಳು ಹಿಡಿದು ಎಳೆದು ಹಗ್ಗದ ಪಕ್ಕ ನಿಲ್ಲಿಸಿದ. ನನ್ನ ತೂಕ ಎಪ್ಪತ್ತೆಂಟು ಕಿಲೋ, ಎಲ್ಲರೂ ಕೇಳುವಂತೆ ಹೇಳಿದ. ನಾಚಿಕೆ ನನಗಾದ ಮೇಲೆ ಉಳಿದವರು ಧೈರ್ಯವಾಗಿ ಬಂದರು. ಬಾಳೆಗೊನೆ ಹೊತ್ತ ಅಜ್ಜಿಯೊಬ್ಬರು ಮಾತ್ರ ನಡುವೆ ನಿಂತರು.

“ಅಜ್ಜಿ, ಗೊನೆ ಕೆಳಗಿಡಿ, ಲಾಂಚ್ ವಾಲ್ತದೆ.”

“ಕೆಳಗಿಟ್ರೆ ಅದರ ತೂಕ ಎಲ್ಲಿಗೆ ಹೋಗ್ತದೆ ತಮ್ಮಾ, ನೀರಿಗಾ?”

ಅಜ್ಜಿ ತಾವಾಗಿಯೇ ಎರಡು ಹೆಜ್ಜೆ ಬಲಕ್ಕೆ ಸರಿದರು. ಪೈಪಿನ ಎರಡು ತುದಿಗಳಲ್ಲೂ ನೀರು ಸಮಕ್ಕೆ ಬಂತು. “ಯಾರೂ ಉಸಿರಾಡ್ಬೇಡಿ!” ಎಂದು ಕೂಗಿ, ಮಾವ ಸ್ಪ್ಯಾನರ್ ಹಿಡಿದು ಕಾರಿನ ಮುಂದೆ ಅಂಗಾತ ಮಲಗಿ ಬಂಪರಿನ ಕೆಳಗೆ ತಲೆ ತೂರಿಸಿದ. ಹ್ಯಾಂಡ್ ಬ್ರೇಕ್ ಎಳೆದರೆ ಕಾರಿನ ಬೆನ್ನು ಕುಗ್ಗುತ್ತದೆಂಬುದು ಅವನದೇ ಒಂದು ಸಿದ್ಧಾಂತ. ಹಾಗಾಗಿ ಅದನ್ನು ತೆಗೆಸಿ, ಡಾಕ್ಟರನ್ನು ಒಳಗೆ ಕೂರಿಸಿ ಕಾಲಲ್ಲಿ ಬ್ರೇಕ್ ಒತ್ತಿಸಿದ್ದ.

“ಡಾಕ್ಟ್ರೇ, ಕಾಲು ತೆಗೆದ್ರೆ ನನ್ನ ಕುತ್ತಿಗೆ ಸಪಾಟಾಗ್ತದೆ. ನೇರ ಆಗ್ತದೆ, ಅದು ನಿಜ. ಆದ್ರೂ ಬೇಡ.”

ಜನ ನಕ್ಕರು. ನಾನೂ ನಕ್ಕೆ. ಅದನ್ನು ಬರೆಯಲೇಬೇಕು.

ಒಂದೊಂದೇ ಬೋಲ್ಟು ಬಿಗಿಯಾಗುವ ಸದ್ದು ಕೇಳುತ್ತಿತ್ತು. ಸುಮ ಸ್ಪ್ಯಾನರ್ ಪೆಟ್ಟಿಗೆ ಹಿಡಿದು ಮುಂದಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕುಳಿತಿದ್ದಳು. ಹತ್ತು ಗಂಟೆ ನಲವತ್ತೊಂದು ನಿಮಿಷಕ್ಕೆ ಎರಡು ಸಂಗತಿ ಒಟ್ಟಿಗೆ ನಡೆದವು. ಯಾರೋ “ದಡ ಬಂತು” ಎಂದರು. ಬಲಗಡೆಯ ಜನರೆಲ್ಲ ಮುಂದಕ್ಕೆ ನುಗ್ಗಿದರು. ಅದೇ ಹೊತ್ತಿಗೆ ಡಾಕ್ಟರ ಫೋನು ಬಡಿದುಕೊಂಡಿತು. ಅತ್ತೆಯದು. ಅವರು ಜೇಬಿಗೆ ಕೈ ಹಾಕಲು ಮೈ ತಿರುಗಿಸಿದರು, ಕಾಲು ಜಾರಿತು. ಲಾಂಚಿನ ಮೂತಿ ತಗ್ಗಿತು. ಕಾರು ಉರುಳಿತು.

ಸದ್ದೇ ಇಲ್ಲ. ಸುಮ ಪೆಟ್ಟಿಗೆಯನ್ನು ಚಕ್ರದಡಿಗೆ ಒದ್ದಳು. ಕಾರು ಪೆಟ್ಟಿಗೆಯ ಮೇಲೆ ಅರ್ಧ ಹತ್ತಿ ನಿಂತಿತು. ಆಮೇಲೆ ಡೆಕ್ಕಿನ ಮೇಲಿನ ಟೈರಿನ ಗುರುತನ್ನು ನಾನೇ ಅಳೆದೆ: ಒಂಬತ್ತು ಅಂಗುಲ. ಬಂಪರು ಮಾವನ ಎದೆಯ ಮೇಲೆ ಕುಳಿತಿತ್ತು. ಅವನ ಕಾಲುಗಳು ಅಲ್ಲಾಡಲಿಲ್ಲ.

“ಅಪ್ಪಾ.”

ಸುಮ ಡೆಕ್ಕಿಗೆ ಕೆನ್ನೆ ತಾಗಿಸಿ ಬಗ್ಗಿದಳು.

“ಅಪ್ಪಾ!”

“ಕೂಗ್ಬೇಡ” ಎಂದಿತು ಬಂಪರಿನ ಕೆಳಗಿನ ದನಿ. “ಬಲಗಡೆ ಬೋಲ್ಟು ಇನ್ನೂ ಅರ್ಧ ಸುತ್ತು ಇದೆ. ಮುಗಿಸ್ಕಂಡೇ ಬತ್ತೀನಿ.”

ಮುಗಿಸಿಕೊಂಡೇ ಬಂದ! ಬಸ್ಸಿನ ಡ್ರೈವರು ಮತ್ತು ಇನ್ನು ನಾಲ್ಕು ಜನ ಕಾರನ್ನು ಹಿಂದಕ್ಕೆ ತಳ್ಳಿದರು. ಡಾಕ್ಟರು ಸ್ಟಿಯರಿಂಗ್ ಮೇಲೆ ಹಣೆ ಇಟ್ಟುಕೊಂಡಿದ್ದರು. ಜನ ಹೇಳದೆಯೇ ತಮ್ಮ ತಮ್ಮ ಜಾಗಕ್ಕೆ ಮರಳಿ ನಿಂತರು. ಮಾವ ಎದ್ದು ಅಂಗಿ ಕೊಡವಿ, ಆರು ಹೆಜ್ಜೆ ಹಿಂದೆ ಸರಿದು, ಬಲಗಣ್ಣು ಮುಚ್ಚಿದ.

“ಎಡಗಡೆ ತಗ್ಗು. ಒಂದು ಬೆರಳು.”

ನಾವೆಲ್ಲ ನೋಡಿದೆವು. ನಮಗೆ ಯಾರಿಗೂ ತಗ್ಗು ಕಾಣಲಿಲ್ಲ. ಸುಮ ಸ್ಕೇಲಿಟ್ಟು ಸಂದು ಅಳೆದಳು. “ಎಡ ನಾಲ್ಕು ಎಂಎಂ. ಬಲ ನಾಲ್ಕು ಎಂಎಂ. ಸಮ ಇದೆ ಅಪ್ಪ.”

“ಮತ್ತೆ ಅಳೆ.”

ಮತ್ತೆ ಅಳೆದಳು. ಅಷ್ಟೇ.

“ನಿನ್ನ ಸ್ಕೇಲು ಸೊಟ್ಟ.”

ಯಾರೂ ನಗಲಿಲ್ಲ. ಮಾವ ಪೈಪನ್ನು ಬಂಪರಿನ ಎರಡು ತುದಿಗೆ ಹಿಡಿಸಿ, ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದ. ನೀರೂ ಸಮ ಎಂದಿತು. ಸ್ಕೇಲನ್ನು ಬಯ್ಯಬಹುದು, ನೀರನ್ನು ಅವನು ಬಯ್ಯಲಾರ. ಆಮೇಲೆ ಕಂಬಿಯ ಕಡೆ ತಿರುಗಿ ಒಂದು ಕಣ್ಣು ಮುಚ್ಚಿದ. ಅದನ್ನು ತೆರೆದು ಇನ್ನೊಂದು ಮುಚ್ಚಿದ.

“ಕಂಬಿನೂ ಬಗ್ಗಿ ಕಾಣ್ತದೆ” ಎಂದ, ಮೆಲ್ಲಗೆ. “ಆಚೆ ದಡನೂ.”

“ಎಷ್ಟು ದಿನದಿಂದ?” ಎಂದಳು ಸುಮ.

“ಟೆಂಪೋ ಬಾಗಿಲಿಗಿಂತ ಮುಂಚಿಂದ. ನಾನು ಟೆಂಪೋನೇ ಸೊಟ್ಟ ಅಂದ್ಕಂಡೆ.”

ಕೊರಳಿನಿಂದ ದಾರ ತೆಗೆದು ಬೀಗದಕೈ ಮುಂದೆ ಹಿಡಿದ. “ತಗ.”

“ಬಂಪರ್ ನೇರ ಕೂತಿದೆ ಅಪ್ಪ. ಗೆದ್ದಿದ್ದು ನೀನು.”

“ನೀರು ಗೆದ್ದಿದ್ದು. ನನ್ನ ಕಣ್ಣು ನಂಬಿದ್ರೆ ಈಗ ಬಿಚ್ಚಿ ಸೊಟ್ಟ ಮಾಡಿ ಇಡ್ತಿದ್ದೆ. ತಗ ಅಂದ್ನಲ್ಲ.”

ಸುಮ ಬೀಗದಕೈ ತೆಗೆದುಕೊಳ್ಳಲಿಲ್ಲ. ಅದನ್ನು ಹಿಡಿದ ಕೈಯನ್ನೇ ಹಿಡಿದು, ಅವನನ್ನು ಕಾರಿನ ಎದುರು ಕೂರಿಸಿ, ಅವನ ಹೆಬ್ಬೆರಳನ್ನು ಎಡಗಡೆಯ ಸಂದಿನ ಮೇಲಿಟ್ಟಳು. “ಉಗುರು ಹಾಕು. ಬಾಗಿಲಿನ ಹಲಗೆ ಕೂಡೋ ಜಾಗ ನೋಡ್ತಿದ್ಯಲ್ಲ, ಹಾಂಗೆ.”

ಮಾವ ಕಣ್ಣು ಮುಚ್ಚಿದ, ಈ ಸಲ ಎರಡನ್ನೂ. ಉಗುರು ಸಂದಿನಲ್ಲಿ ನಿಧಾನವಾಗಿ ಹೋಯಿತು. ಬಲಗಡೆಗೆ ಸರಿದು ಅಲ್ಲೂ ಎಳೆದ. ಮತ್ತೆ ಎಡಕ್ಕೆ ಬಂದ. ದಡಕ್ಕೆ ಇನ್ನು ಹತ್ತು ಮಾರು ಇತ್ತು. ಲಾಂಚಿನವನು ಹಲಗೆಯ ಸರಪಳಿ ಹಿಡಿದು ಕಾಯುತ್ತಿದ್ದ.

“ನಾಲ್ಕಲ್ಲ” ಎಂದ ಮಾವ. “ಮೂರೂವರೆ.”

“ಎರಡೂ ಕಡೆ?”

“ಎರಡೂ ಕಡೆ.”

ಸುಮ ಅವನ ಕೊರಳಿಗೆ ದಾರ ಹಾಕಿ, ಬೀಗದಕೈಯನ್ನು ಅಂಗಿಯೊಳಗೆ ಇಳಿಬಿಟ್ಟು, ಮೇಲಿನ ಗುಂಡಿ ಹಾಕಿದಳು.

ಕಾರು ಹಲಗೆ ಇಳಿಯಿತು. ಎಲ್ಲೂ ತಾಗಲಿಲ್ಲ. ಮಾವ ಮತ್ತೆರಡು ಮಳೆಗಾಲ ಶೆಡ್ಡಿನಲ್ಲಿ ಬೆರಳಿಂದ ನೋಡಿ ಕೆಲಸ ಮಾಡಿದ. ಆಮೇಲೆ ಒಂದು ಮಧ್ಯಾಹ್ನ, ಊಟವಾದ ಮೇಲೆ, ತೀರಿಹೋದ.

ಅಂದು ಅದನ್ನು ನೋಡಿದವರಲ್ಲಿ ಈಗ ಇರುವವರು ಇವರು. ತೀರ್ಥಹಳ್ಳಿಯ ಡಾಕ್ಟರು, ಈಗ ಎತ್ತರದ ಕಾರು ಇಟ್ಟಿದ್ದಾರೆ. ಬಸ್ಸಿನ ಡ್ರೈವರು, ಕೆಲಸ ಬಿಟ್ಟು ಆನಂದಪುರದಲ್ಲಿದ್ದಾರೆ. ಬಾಳೆಗೊನೆಯ ಅಜ್ಜಿ ತುಮರಿಯಲ್ಲಿದ್ದಾರೆ, ಕಿವಿ ಮಂದ, ನೆನಪು ಚುರುಕು. ನಾನು. ಮತ್ತೆ ಸುಮ, ಸಾಗರದ ಶೆಡ್ಡಿನಲ್ಲೇ ಇದ್ದಾಳೆ. ಹೋದರೆ ಸಿಗುತ್ತಾಳೆ, ಇದನ್ನು ಕೇಳಿದರೆ ಮಾತ್ರ, ತಲೆ ಎತ್ತದೆ, “ಗಾಡಿ ತಂದ್ರಾ?” ಎನ್ನುತ್ತಾಳೆ.