ಫೋಕಸ್ಸಣ್ಣ ಹೆಂಡತಿಗೆ ಸಿನಿಮಾ ತೋರಿಸಿದ್ದು

ಹೆಂಡತಿಗೆ ಒಂದು ಸಿನಿಮಾ ತೋರಿಸುವುದು ಯಾವ ಗಂಡನಿಗೂ ಬೆಟ್ಟ ಹೊರುವಂಥ ಕೆಲಸವಲ್ಲ. ಆದರೆ ಫೋಕಸ್ಸಣ್ಣ ತನ್ನೂರಿನ ಏಕಮಾತ್ರ ಟಾಕೀಸಿನ ಏಕಮಾತ್ರ ಆಪರೇಟರ್. (ಪರದೆ ಮಸುಕಾದಾಗಲೆಲ್ಲ ಜನ "ಫೋಕಸ್! ಫೋಕಸ್!" ಎಂದು ಅರಚಿ ಅರಚಿ, ಅವನ ನಿಜವಾದ ಹೆಸರು ಈಗ ಮದುವೆಯ ಕರೆಯೋಲೆಯಲ್ಲಿ ಮಾತ್ರ ಉಳಿದಿದೆ.) ಊರಿಗೆಲ್ಲ ಸಿನಿಮಾ ತೋರಿಸುವವನ ಹೆಂಡತಿ ಮದುವೆಯಾದಂದಿನಿಂದ ಪ್ರತಿ ಚಿತ್ರವನ್ನೂ ಕೆಳಗೆ ಒಬ್ಬಳೇ ಕೂತು ನೋಡುತ್ತಿದ್ದಳು. ಅಕ್ಕಪಕ್ಕದ ಜೋಡಿಗಳು ಪಿಸಪಿಸ ಮಾತಾಡಿಕೊಂಡು ನಗುವಾಗ ಅವಳಿಗೆ ಹೊಟ್ಟೆ ಉರಿಯುತ್ತಿತ್ತು.

"ನಾನೂ ಮೇಲೆ ಬಂದು ನಿಮ್ಮ ಪಕ್ಕ ಕೂತ್ಕೊಳ್ಳಲಾ?" ಎಂದು ಕೇಳಿದಾಗಲೆಲ್ಲ ಫೋಕಸ್ಸಣ್ಣ ಹೌಹಾರುತ್ತಿದ್ದ.

"ಹುಚ್ಚಾ ನಿನಗೆ? ಪ್ರೊಜೆಕ್ಟರ್ ರೂಮಿಗೆ ಬೇರೆಯವರು ಕಾಲಿಡೋ ಹಾಗಿಲ್ಲ, ಕಾನೂನು! ಮೇಲಾಗಿ ಕುಲುಮೆ ಥರ ಬಿಸಿ. ಕಣ್ಣು ಒಂದು ಚೂರು ಆಚೀಚೆ ಹೋದ್ರೆ ರೀಲು ಭಸ್ಮ!"

ಆಗ ಅವಳು ಅಯ್ಯೋ ಪಾಪ ಎನ್ನುತ್ತ ಅವನ ಲೋಟಕ್ಕೆ ಇನ್ನಷ್ಟು ಟೀ ಬಗ್ಗಿಸುತ್ತಿದ್ದಳು.

ಈ ಸಲ ಟಾಕೀಸಿನ ಚಾವಣಿ ರಿಪೇರಿಗೆ ಬಂದು ಫೋಕಸ್ಸಣ್ಣನಿಗೆ ರಜೆ ಸಿಕ್ಕಿತು. ಇಬ್ಬರೂ ದೊಡ್ಡ ಪಟ್ಟಣದಲ್ಲಿದ್ದ ಅವಳ ತಂಗಿಯ ಮನೆಗೆ ಬಂದರು. ಹೊರಡುವ ದಿನ, ಸಂಜೆ ಬಸ್ಸು ಹಿಡಿಯುವ ಮುಂಚೆ, ಹೆಂಡತಿ ಹೇಳಿದಳು: "ಇವತ್ತೊಂದಿನ ನನ್ನ ಪಕ್ಕ ಕೂತು ಒಂದು ಪೂರ್ತಿ ಸಿನಿಮಾ ನೋಡಿ. ನನಗೆ ಇನ್ನೇನೂ ಬೇಡ."

ಫೋಕಸ್ಸಣ್ಣನ ಮನಸ್ಸು ನಿಜವಾಗಿಯೂ ಕರಗಿತು. ಕರಗಿದ್ದೇ ತಡ, ವೃತ್ತಿಪ್ರಜ್ಞೆ ಎಂಬ ಭೂತ ಎದ್ದು ಕೂತಿತು. "ಸಿನಿಮಾ ಯಾವುದಾದ್ರೂ ಆಗಬಹುದು ಕಣೆ. ಟಾಕೀಸು ಯಾವ್ಯಾವುದೋ ಆಗೋಕಾಗಲ್ಲ."

ಮೊದಲನೆಯ ಟಾಕೀಸಿನಲ್ಲಿ ಅವನು ಒಳಗೆ ಇಣುಕಿ ಎರಡು ಸಲ ಚಪ್ಪಾಳೆ ತಟ್ಟಿದ. ಪ್ರತಿಧ್ವನಿ ಮೂರು ಸಲ ಬಂತಂತೆ. ತಿರಸ್ಕೃತ! ಎರಡನೆಯದರ ಪರದೆಯ ಮೂಲೆಯಲ್ಲಿ ತೇಪೆ ಇತ್ತು. ಮೂರನೆಯದರಲ್ಲಿ ಗೇಟಿನವನನ್ನು ಹಿಡಿದುಕೊಂಡು ಯಾವ ಕಂಪನಿಯ ಮೆಷೀನು, ಲೆನ್ಸು ಯಾವ ಕಾಲದ್ದು, ಆಪರೇಟರಿಗೆ ಎಷ್ಟು ವರ್ಷದ ಅನುಭವ ಎಂದು ತನಿಖೆಗಿಳಿದ.

"ಟಿಕೆಟ್ ತಗೊಂಡು ಪರದೆ ಕಡೆ ನೋಡಿ ಸ್ವಾಮಿ," ಎಂದ ಗೇಟಿನವನು. "ಎಲ್ಲರೂ ಹಾಗೇ ಮಾಡೋದು."

"ನನ್ನನ್ನ ಮದುವೆ ಆಗೋವಾಗಲೂ ಇಷ್ಟು ವಿಚಾರಣೆ ಮಾಡಿರಲಿಲ್ಲವಲ್ಲ ನೀವು!" ಎಂದಳು ಹೆಂಡತಿ, ಕಾಲು ನೀವಿಕೊಳ್ಳುತ್ತ.

ಅದಕ್ಕೆ ಫೋಕಸ್ಸಣ್ಣನ ಬಳಿ ಒಂದು ಉತ್ತರವಿತ್ತು. ಬುದ್ಧಿವಂತನಾದ್ದರಿಂದ ನುಂಗಿಕೊಂಡ.

ನಾಲ್ಕನೆಯ ಟಾಕೀಸಿನ ಮುಂದೆ ಅವನು ಗೋಡೆ ತಟ್ಟಿ ನೋಡುವಷ್ಟರಲ್ಲಿ ಹೆಂಡತಿ ಎರಡು ಟಿಕೆಟ್ಟು ಹಿಡಿದು ಎದುರಿಗೆ ನಿಂತಿದ್ದಳು. "ಬರ್ತೀರೋ, ಇನ್ನೊಂದು ಟಿಕೆಟ್ಟು ಗೇಟಿನವನಿಗೆ ಕೊಡಲೋ?"

ಬಂದ. ದೀಪ ಆರಿತು. ಹೆಂಡತಿ ಅವನ ಮೊಣಕೈಗೆ ತನ್ನ ಮೊಣಕೈ ತಾಗಿಸಿ ಕೂತಳು. ಆ ಕತ್ತಲಲ್ಲೂ ಅವಳ ಮುಖ ಅರಳಿದ್ದು ಕಂಡು ಫೋಕಸ್ಸಣ್ಣನಿಗೆ ಖುಷಿಯಾಯಿತು. ಇಷ್ಟು ಸಣ್ಣ ಆಸೆಯನ್ನು ಇಷ್ಟು ವರ್ಷ ತಳ್ಳಿಕೊಂಡು ಬಂದೆನಲ್ಲ ಎಂದೂ ಅನ್ನಿಸಿತು.

ಅಷ್ಟರಲ್ಲಿ ಪರದೆಯ ಎಡಗಡೆ ಕೂದಲೆಳೆಯಷ್ಟು ಮಸುಕಾಯಿತು.

ನಾಯಕಿ ಎಡಗಡೆ ನಿಂತು ಅಳುತ್ತಿದ್ದಳು. ಹೆಂಡತಿಯೂ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಫೋಕಸ್ಸಣ್ಣ ಹಲ್ಲು ಕಚ್ಚಿ ಸಹಿಸಿದ, ಕಣ್ಣು ಮುಚ್ಚಿ ಸಹಿಸಿದ, ಕೊನೆಗೆ ತಡೆಯಲಾರದೆ "ಒಂದೇ ನಿಮಿಷ, ಮೇಲೆ ಹೇಳಿ ಬಂದುಬಿಡ್ತೀನಿ" ಎಂದು ಎದ್ದ.

ಅವನ ಒಂದು ನಿಮಿಷ ಎಷ್ಟು ಉದ್ದ ಎಂದು ಬಲ್ಲ ಹೆಂಡತಿ ಅವನ ಅಂಗಿಯ ಚುಂಗು ಹಿಡಿದುಕೊಂಡೇ ಮೆಟ್ಟಿಲು ಹತ್ತಿದಳು.

ಪ್ರೊಜೆಕ್ಟರ್ ರೂಮಿನ ಬಾಗಿಲು ತೆರೆದರೆ ತಣ್ಣನೆ ಗಾಳಿ. ಫ್ಯಾನು ತಿರುಗುತ್ತಿತ್ತು. ಅಲ್ಲಿನ ಆಪರೇಟರು ಗೋಡೆಗೊರಗಿ ಆಕಳಿಸುತ್ತಿದ್ದ. ಪರದೆ ಕಾಣುವ ಪುಟ್ಟ ಕಿಂಡಿಯ ಬಳಿ ಒಬ್ಬ ಹೆಂಗಸು ರೀಲಿನ ಡಬ್ಬದ ಮೇಲೆ ಕಾಲು ಚಾಚಿ, ಕಡಲೆಕಾಯಿ ಸುಲಿಯುತ್ತ ಸಿನಿಮಾ ನೋಡುತ್ತಿದ್ದಳು.

ಫೋಕಸ್ಸಣ್ಣ ತಾನೂ ಆಪರೇಟರೇ ಎಂದು ಪರಿಚಯ ಹೇಳಿಕೊಂಡ. "ನಮ್ಮ ಮನೆಯವಳು," ಎಂದ ಆ ಆಪರೇಟರ್, ಹೆಂಗಸಿನತ್ತ ಕೈ ತೋರಿ. "ದಿನಾ ಬರ್ತಾಳೆ."

ಫೋಕಸ್ಸಣ್ಣ ಮುಂದೆ ಮಾತಾಡಬೇಡ ಎನ್ನುವಂತೆ ಅವನತ್ತ ಕಣ್ಣು ಮಿಟುಕಿಸಿದ, ತಲೆ ಆಡಿಸಿದ. ಕಣ್ಣಿಗೆ ಧೂಳು ಬಿದ್ದಿರಬೇಕೆಂದು ಆ ಪುಣ್ಯಾತ್ಮ ನೀರು ತಂದುಕೊಟ್ಟ.

"ಹೆಂಗಸರು ಒಳಗೆ ಬರೋದಕ್ಕೆ ಕಾನೂನು ಅಡ್ಡ ಬರಲ್ವಾ?" ಹೆಂಡತಿ ಮೆತ್ತಗೆ ಕೇಳಿದಳು.

"ಯಾವ ಕಾನೂನಕ್ಕ?"

"ಬಿಸಿ ಅಂತೆ? ರೀಲು ಸುಟ್ಟು ಹೋಗುತ್ತಂತೆ?"

"ಮೆಷೀನು ಅದರ ಪಾಡಿಗೆ ಅದು ಓಡುತ್ತೆ. ರೀಲು ಬದಲಾಯಿಸೋ ಹೊತ್ತಿಗೆ ಎದ್ದರಾಯ್ತು. ಮಿಕ್ಕ ಹೊತ್ತೆಲ್ಲ ಟೀ, ಇಸ್ಪೀಟು, ಒಂದು ಸಣ್ಣ ನಿದ್ದೆ. ಅಣ್ಣನ್ನೇ ಕೇಳಿ, ಯಾವ ಟಾಕೀಸಲ್ಲೂ ಅಷ್ಟೇ."

ಹೆಂಡತಿ ಅಣ್ಣನನ್ನು ಕೇಳಲಿಲ್ಲ. ಒಮ್ಮೆ ನೋಡಿದಳು, ಅಷ್ಟೇ. ಆಮೇಲೆ ಇನ್ನೊಂದು ಕಿಂಡಿಯ ಮುಂದೆ ಸ್ಟೂಲು ಎಳೆದುಕೊಂಡು ಕೂತಳು. ಇದ್ದದ್ದು ಎರಡೇ ಕಿಂಡಿ. ಸಿನಿಮಾ ನೋಡಲು ಬಂದ ಫೋಕಸ್ಸಣ್ಣ ಹಿಂದೆ ಗೋಡೆ ನೋಡುತ್ತ ನಿಂತ. ಮುಂದೆ ಹೆಂಗಸರಿಬ್ಬರೂ ಕಡಲೆಕಾಯಿ ಹಂಚಿಕೊಂಡು ನಗುತ್ತಿದ್ದರು. ರೀಲು ಮುಗಿದಾಗ ಆ ಹೆಂಗಸೇ ಎದ್ದು, ಮೆಷೀನು ತೋರಿಸಿ ಏನೇನೋ ವಿವರಿಸಿದಳು. ಅದರ ಮುಂದಿನ ರೀಲನ್ನು ಫೋಕಸ್ಸಣ್ಣನ ಹೆಂಡತಿ ಏರಿಸಿದಳು. ಪರದೆಯ ಎಡಗಡೆಯೂ ಆಗಲೇ ತಿಳಿಯಾಯಿತಂತೆ. (ಅವನಿಗೆ ಯಾರೂ ತೋರಿಸಲಿಲ್ಲ.)

ಸಂಜೆ ಬಸ್ಸು ಪಟ್ಟಣ ದಾಟಿತು. ಹೆಂಡತಿ ಹೇಳಿದಳು: "ಪಾಪ ನೀವು ಮೇಲೆ ಬೇಯ್ತಾ ಇದ್ದೀರಿ ಅಂತ ಕೆಳಗೆ ಕೂತು ಮರುಗ್ತಿದ್ದೆ ಕಣ್ರೀ ನಾನು. ಒಳ್ಳೇ ಸಿನಿಮಾನೂ ಮನಸ್ಸಿಟ್ಟು ನೋಡಲಿಲ್ಲ."

ಫೋಕಸ್ಸಣ್ಣನಿಗೆ ನಾಚಿಕೆಯಾಯಿತು. "ತಪ್ಪಾಯ್ತು ಕಣೆ. ಊರಿಗೆ ಹೋದ ಮೇಲೆ ನೀನೂ ಮೇಲೇ ಬಂದ್ಬಿಡು."

"ಬರ್ತೀನಿ. ಕೆಲಸ ಹೇಗೂ ಕಲಿತಾಯ್ತಲ್ಲ," ಎಂದು ಹೆಂಡತಿ ಸೀಟಿಗೆ ಒರಗಿ ಕಣ್ಣು ಮುಚ್ಚಿದಳು. "ನೀವು ಸ್ವಲ್ಪ ದಿನ ಕೆಳಗೆ ಒಬ್ಬರೇ ಕೂತು ನೋಡಿ. ಜೊತೆಗೆ ಕೂರೋ ವಿಷಯ ಆಮೇಲೆ ಮಾತಾಡೋಣ."