ಗವಿಗಿಳಿದ ತೆಂಗಿನಕಾಯಿ

ನಮ್ಮ ಸೋದರಮಾವನ ತಲೆಯೊಳಗೆ ಏನಿದೆಯೋ ದೇವರೇ ಬಲ್ಲ. ಭೂಮಿಯೊಳಗೆ ಏನಿದೆ ಎಂಬುದನ್ನು ಮಾತ್ರ ಮಾವನೇ ಬಲ್ಲ! ಅಂಗೈ ಮೇಲೆ ತೆಂಗಿನಕಾಯಿ ಅಡ್ಡ ಮಲಗಿಸಿಕೊಂಡು ಹೊಲದ ತುಂಬ ನಡೆಯುತ್ತಾನೆ. ಅದು ಎದ್ದು ನಿಂತಲ್ಲಿ ಬೋರು ಕೊರೆಸಬೇಕು. ದೇವದುರ್ಗದಿಂದ ಮಾನ್ವಿಯವರೆಗೆ ಆ ಕಾಯಿಗಿರುವ ಮರ್ಯಾದೆ ಸೋದರಳಿಯನಾದ ನನಗೂ ಇಲ್ಲ.

ಅಂಥ ಕಾಯಿ ಒಮ್ಮೆ ಕೈಕೊಟ್ಟಿತು, ಅದೂ ರಾಯಚೂರಿನ ನಮ್ಮ ಮನೆಯ ಅಂಗಳದಲ್ಲಿ! ಬೋರಿನಿಂದ ಬರೀ ಧೂಳೆದ್ದಿತು. ಅವ್ವ ನಕ್ಕು ಸುಮ್ಮನಾದಳು. ಮಾವ ಸುಮ್ಮನಾಗಬೇಕಲ್ಲ?

"ಅಕ್ಕಾ, ಈ ಬೋರಿನ್ಯಾಗ ನೀರು ಬರೋತನಕ ನಿನ್ನ ಮನ್ಯಾಗ ಹನಿ ನೀರು ಕುಡಿಯಂಗಿಲ್ಲ!"

ಅಂದಿನಿಂದ ಮಾವ ಬಂದಾಗಲೆಲ್ಲ ಊಟ ನಮ್ಮದು, ನೀರು ಮಾತ್ರ ಅವನೂರು ದೇವದುರ್ಗದ್ದು. ಬಾಟಲಿ ಹೆಗಲಿಗೇ ಇರುತ್ತಿತ್ತು. ತುಂಬಿಟ್ಟ ತಂಬಿಗೆಯನ್ನು ಅವ್ವ ಹಾಗೇ ಒಳಗೊಯ್ಯುವಾಗ ಅವಳ ಮುಖ ನೋಡಲು ನನಗೆ ಆಗುತ್ತಿರಲಿಲ್ಲ.

ಹೋದ ವರ್ಷ, ಕರ್ನೂಲಿನ ಆಚೆ ಬೆಟ್ಟದಲ್ಲೊಂದು ಸುಣ್ಣಕಲ್ಲಿನ ಗವಿಯಿದೆ, ಅದರ ತಳದಲ್ಲಿ ನೀರು ಹರಿಯುತ್ತದೆ ಎಂದು ಕೇಳಿದ್ದೇ ತಡ, ಮಾವ ಕಾಯಿಸಮೇತ ನನ್ನನ್ನೂ ಎಳೆದುಕೊಂಡು ಹೊರಟ. "ನೆಲದಾಗ ಹರಿಯೋ ನೀರು ನಲವತ್ತು ವರ್ಷ ಮಂದಿಗೆ ತೋರ್ಸೀನಿ, ನಾನಾ ಒಮ್ಮಿನೂ ಕಣ್ಣಾರೆ ನೋಡಿಲ್ಲಲೇ!"

ಗವಿಯ ಬಾಗಿಲಲ್ಲಿ ಕಾವಲುಗಾರ, ಒಳಗೆ ಕಾಯಿ ಒಡೆಯುವಂತಿಲ್ಲ ಎಂದು ತೆಲುಗಿನಲ್ಲಿ ತಡೆದ.

"ಇದು ಒಡಿಯೋ ಕಾಯಲ್ರೀ, ದುಡಿಯೋ ಕಾಯಿ!"

ಬೆವರಿಳಿಸಿಕೊಂಡು, ಬಗ್ಗಿ, ತೆವಳಿ ತಳ ಮುಟ್ಟಿದೆವು. ಕಲ್ಲಿನ ಸಂದಿನಲ್ಲಿ ನೀರು ಜುಳುಜುಳು ಹರಿಯುತ್ತಿತ್ತು. ಮಾವ ಕಣ್ಣುಮುಚ್ಚಿ ಅಂಗೈ ಚಾಚಿದ. ಗವಿ ನೋಡಲು ಬಂದಿದ್ದ ಮಂದಿಯೆಲ್ಲ ಹಿಂದಿನಿಂದ ಕತ್ತು ಚಾಚಿದರು. ಕಾಯಿ ಮಲಗಿಯೇ ಇತ್ತು!

"ಮಾಮಾ, ಇದು ಏಳವಲ್ದಲ್ಲ?"

"ನೀರು ಎದುರಿಗೇ ಕಾಣಾಕತ್ತದ, ಇನ್ನೇನು ತೋರ್ಸಬೇಕದು? ಕಾಯಿಗೂ ಬುದ್ಧಿ ಅದಲೇ!"

ಹಾಗೆಂದರೂ ಕಾಯಿಯನ್ನು ತಿರುಗಿಸಿ ಇನ್ನೊಮ್ಮೆ ಅಂಗೈ ಮೇಲಿಟ್ಟು ನೋಡಿದ. ಬಾಟಲಿಯಲ್ಲಿದ್ದ ದೇವದುರ್ಗದ ನೀರನ್ನು ಕುಡಿದು ಮುಗಿಸಿ, ಗವಿಯ ನೀರು ತುಂಬಿಕೊಂಡ.

ರಾಯಚೂರಿಗೆ ಬಂದವನೇ ಬಾಟಲಿಯನ್ನು ಅವ್ವನ ಕೈಗಿಟ್ಟ. "ಅಕ್ಕಾ, ನಾ ತೋರ್ಸಿದ ನೀರು ಇದಾ ನೋಡು. ಸ್ವಲ್ಪ ದೂರ ಇತ್ತು."

ನಾನು ನಗಲು ಬಾಯಿ ತೆರೆದೆ. ಅವ್ವ ನಗಲಿಲ್ಲ. ಅಂಗಳಕ್ಕಿಳಿದು, ಒಣಬೋರಿನ ಮುಚ್ಚಳ ತೆಗೆದು, ಬಾಟಲಿಯ ನೀರನ್ನೆಲ್ಲ ಅದರೊಳಗೆ ಸುರಿದಳು.

"ಬೋರಿನ್ಯಾಗ ನೀರು ಬಂತಲ್ಲೋ ತಮ್ಮಾ. ಇನ್ನರ ಕುಡಿ" ಎಂದು ಮನೆಯ ನೀರು ತುಂಬಿದ ತಂಬಿಗೆ ಚಾಚಿದಳು.

ಮಾವ ತಂಬಿಗೆ ಎತ್ತಿ, ತಳ ಕಾಣುವವರೆಗೆ ಕುಡಿದು, ಮುಖ ಒರೆಸಿಕೊಂಡ.

"ಇನ್ನೊಂದು ತಂಬಿಗಿ ಕೊಡಕ್ಕಾ" ಎಂದ.