ಮೈಕಣ್ಣನ ಬ್ಲಾಗಿಗೆ ನಿದ್ದೆ ಹತ್ತಿದ್ದು

"ನೋಡ್ತಾ ಇರು! ಈ ಬೀದಿಯ ಒಬ್ಬೊಬ್ಬ ಅಂಗಡಿಯವನೂ ನಮ್ಮ ಬಾಗಿಲ ಮುಂದೆ ಸಾಲಾಗಿ ನಿಲ್ಲಬೇಕು. ಚಪ್ಪಲಿ ಕೈಯಲ್ಲಿ ಹಿಡ್ಕೊಂಡು, ಉಸಿರು ಬಿಗಿಹಿಡ್ಕೊಂಡು ನಿಲ್ಲಬೇಕು! ನಿಲ್ಲಿಸಲಿಲ್ಲ ಅಂದ್ರೆ ಈ ಮೀಸೆ ನನ್ನದಲ್ಲ!"

ಮೈಕಣ್ಣ ಹೀಗೆಂದು ಶಪಥ ಮಾಡಿದ್ದು ತನ್ನ ಮನೆಯ ಮುಂದಿನ ಕೋಣೆಯಲ್ಲಿ, ಸ್ಟೂಲಿನ ಮೇಲೆ ನಿಂತು. ಶಪಥಕ್ಕೆ ಸ್ಟೂಲೇನೂ ಬೇಕಿರಲಿಲ್ಲ. ಬಲ್ಬು ಬದಲಾಯಿಸಲು ಹತ್ತಿದ್ದ. ಆದರೆ ಎತ್ತರಕ್ಕೆ ಹತ್ತಿದ ಮೇಲೆ ನಾಲ್ಕು ಮಾತಾಡದೆ ಇಳಿಯುವ ಜಾಯಮಾನ ಅವನದಲ್ಲ!

ಕೆಳಗೆ ಸ್ಟೂಲು ಹಿಡಿದು ನಿಂತಿದ್ದ ಹೆಂಡತಿ, "ಮೀಸೆ ಯಾರದಾದ್ರೂ ಆಗ್ಲಿ ರೀ. ಮೊದಲು ಬಲ್ಬು ಹಾಕಿ ಇಳೀರಿ, ಕೈ ನೋಯ್ತಿದೆ" ಎಂದಳು.

ಮೈಕಣ್ಣ ಎಂಬ ಹೆಸರು ಅವನಿಗೆ ಬೀದಿ ಕೊಟ್ಟ ಬಿರುದು. ಶಾಲೆಗೆ ಬೇಗನೆ ಕೈಮುಗಿದವನು, ವ್ಯಾನಿನ ನೆತ್ತಿಗೆ ಧ್ವನಿವರ್ಧಕ ಕಟ್ಟಿಕೊಂಡು ಅಂಗಡಿಗಳ ಪ್ರಚಾರ ಮಾಡುತ್ತ ಬದುಕಿದವನು. "ಬನ್ನಿ! ಬನ್ನಿ!" ಎಂದು ಅವನು ಅಬ್ಬರಿಸಿದರೆ ಜನ ಹೆದರಿಕೊಂಡಾದರೂ ಬರುತ್ತಿದ್ದರು. ಆಮೇಲೆ ಎಲ್ಲರ ಕೈಗೂ ಫೋನು ಬಂತು. ಜಾಹೀರಾತುಗಳು ಸದ್ದಿಲ್ಲದೆ ಜೇಬಿನೊಳಗೆ ಹೊಕ್ಕು ಕುಳಿತವು. ವ್ಯಾನು ಮಾರಾಟವಾಯಿತು. ಮೂಲೆ ಸೇರಿದ ಧ್ವನಿವರ್ಧಕದ ಬಾಯೊಳಗೆ ಹೆಂಡತಿ ಬಟ್ಟೆ ಕ್ಲಿಪ್ಪು ಇಟ್ಟುಕೊಳ್ಳತೊಡಗಿದಳು.

ಇಷ್ಟನ್ನೂ ಮೈಕಣ್ಣ ಸಹಿಸಿಕೊಂಡಿದ್ದ. ಸಹಿಸಲಾಗದೆ ಹೋದದ್ದು ಹೆಂಡತಿಯ ತಮ್ಮನ ಮಾತು. ಆತನದು ಪಕ್ಕದ ಬೀದಿಯಲ್ಲಿ ಹಿಟ್ಟಿನ ಗಿರಣಿ. ಬಂದವನು ಮುಂದಿನ ಕೋಣೆಯನ್ನು ಗೋಡೆಯಿಂದ ಗೋಡೆಗೆ ಕಣ್ಣಲ್ಲೇ ಅಳೆದು, "ಭಾವ, ಸುಮ್ನೆ ಖಾಲಿ ಬಿದ್ದಿದೆಯಲ್ಲ! ತಿಂಗಳು ಕಳೀಲಿ, ಇಲ್ಲಿ ಮೂಟೆ ಜೋಡಿಸ್ತೀನಿ. ನೀವೂ ಗಿರಣಿಗೇ ಬಂದ್ಬಿಡಿ. ಮೂಟೆಗೆ ಬಾಯಿ ಹೊಲಿಯೋಕೆ ಒಬ್ಬರು ಬೇಕಿತ್ತು" ಎಂದಿದ್ದ.

ಮೂಟೆಗೆ ಬಾಯಿ ಹೊಲಿಯುವುದು! ಬಾಯಿಂದಲೇ ಬದುಕಿದವನು! ಮೈಕಣ್ಣನ ಮೀಸೆ ಆವತ್ತಿನಿಂದ ಇಳಿದಿರಲೇ ಇಲ್ಲ.

ದಾರಿ ತೋರಿಸಿದ್ದು ಮಗಳು. "ಅಪ್ಪ, ಒಂದು ಬ್ಲಾಗ್ ಬರೀರಿ. ಅಂಗಡಿಯವರಿಗೆ ವ್ಯಾಪಾರ ಹೆಚ್ಚಿಸೋ ಸಲಹೆ ಬಿಟ್ಟಿಯಾಗಿ ಕೊಡಿ. ಓದ್ತಾ ಓದ್ತಾ ನಿಮ್ಮ ಮೇಲೆ ನಂಬಿಕೆ ಬರುತ್ತೆ. ಆಮೇಲೆ ಪ್ರಚಾರದ ಕೆಲಸ ಅವರೇ ತಂದು ಕೊಡ್ತಾರೆ."

"ಅಕ್ಷರ ಹುಡುಕಿ ಹುಡುಕಿ ಒತ್ತೋಕೆ ನನ್ನ ಕೈಲಾಗಲ್ಲಮ್ಮ."

"ಒತ್ತಬೇಡಿ. ಇಲ್ಲಿ ಮೈಕಿನ ಚಿತ್ರ ಇದೆ ನೋಡಿ, ಅದನ್ನ ಮುಟ್ಟಿ ಮಾತಾಡಿ. ನೀವು ನಿಲ್ಲಿಸೋವರೆಗೂ ಅದೇ ಬರ್ಕೊಳ್ಳುತ್ತೆ. ಆಮೇಲೆ ಒಂದ್ಸಲ ಓದಿ ನೋಡಿ, ಈ ಹಸಿರು ಗುಂಡಿ ಒತ್ತಿದ್ರೆ ಬೀದಿಯವರೆಲ್ಲರ ಫೋನಿಗೂ ಹೋಗುತ್ತೆ."

ಮೈಕಿನ ಚಿತ್ರ ಕಂಡದ್ದೇ ಮೈಕಣ್ಣನ ಕಣ್ಣು ಒದ್ದೆಯಾಯಿತು. ಮಗಳು ಹೇಳಿದ್ದೆಲ್ಲವನ್ನೂ ಪಾಲಿಸಿದ, ಒಂದನ್ನು ಬಿಟ್ಟು. "ಓದಿ ನೋಡೋದಾ? ಮೈಕಲ್ಲಿ ಆಡಿದ ಮಾತನ್ನ ನಾನು ಯಾವತ್ತಾದ್ರೂ ತಿರುಗಿ ನೋಡಿದ್ದೀನಾ?"

ಬ್ಲಾಗಿಗೆ 'ಗುಡುಗು' ಎಂದು ಹೆಸರಿಟ್ಟ. ಗುಡುಗಿದ. ಮೊದಲ ಬರಹ ಶುರುವಾದದ್ದೇ, "ನಿಮ್ಮ ಅಂಗಡಿಗೆ ಗಿರಾಕಿ ಯಾಕೆ ಬರುತ್ತಿಲ್ಲ? ಒಳಗೆ ನೀವು ಕೂತಿದ್ದೀರಿ, ಅದಕ್ಕೆ!" ಎಂದು. ಎರಡನೆಯದು ಹಾಸಿಗೆ ಅಂಗಡಿಯವನ ಪಾಲಿಗೆ: "ನಿಮ್ಮ ಬೋರ್ಡಿನ ಬಣ್ಣ ನೋಡಿದವರಿಗೆ ಇದ್ದಬದ್ದ ನಿದ್ದೆಯೂ ಹಾರಿಹೋಗುತ್ತದೆ!" ಬೀಗದಂಗಡಿಯ ಅಜ್ಜನನ್ನೂ ಬಿಡಲಿಲ್ಲ. "ಮುಖಕ್ಕೇ ಬೀಗ ಜಡಿದುಕೊಂಡವರ ಹತ್ತಿರ ಬೀಗ ಯಾರು ಕೊಳ್ಳುತ್ತಾರೆ?"

ಫಲ ಕೂಡಲೇ ಕಾಣಿಸಿತು. ಹಾಸಿಗೆಯವನು ಮೈಕಣ್ಣನನ್ನು ಕಂಡರೆ ಶಟರ್ ಇಳಿಸಿಕೊಳ್ಳತೊಡಗಿದ. ಕ್ಷೌರದಂಗಡಿಯಲ್ಲಂತೂ, ಕತ್ತಿನ ಮೇಲೆ ಕತ್ತಿ ಇಟ್ಟಿರುವಾಗಲೇ ಕ್ಷೌರಿಕ ಬಹಳ ವಿನಯದಿಂದ, "ಮೈಕಣ್ಣ, ನನ್ನ ಬಗ್ಗೆಯೂ ಏನೋ ಬರೀತಿದ್ದೀರಂತೆ?" ಎಂದು ಕೇಳಿದ. ಮೈಕಣ್ಣ ಜೀವಮಾನದಲ್ಲಿ ಮೊದಲ ಬಾರಿಗೆ ಪಿಸುದನಿಯಲ್ಲಿ ಉತ್ತರಿಸಿದ, "ಇಲ್ಲಪ್ಪ."

ತಿಂಗಳು ತೀರಲು ಇನ್ನು ಹತ್ತೇ ದಿನ ಉಳಿಯಿತು. ಒಬ್ಬ ಗಿರಾಕಿಯೂ ಬರಲಿಲ್ಲ. ಭಾವಮೈದುನ ಮಾತ್ರ ಬಂದು, ಮುಂದಿನ ಕೋಣೆಯ ನೆಲಕ್ಕೆ ಸೀಮೆಸುಣ್ಣದಲ್ಲಿ ಮೂಟೆ ಇಡುವ ಜಾಗ ಗುರುತು ಮಾಡಿಹೋದ.

ಅಂದು ಮಧ್ಯಾಹ್ನ ಊಟವಾದ ಮೇಲೆ ಮೈಕಣ್ಣ ಆ ಗೆರೆಗಳ ನಡುವೆಯೇ ಕುರ್ಚಿ ಎಳೆದುಕೊಂಡು ಕುಳಿತ. ಕೊನೆಯ ಬರಹ! ಇಡೀ ಬೀದಿಯನ್ನು ಒಂದೇ ಏಟಿಗೆ ಎಬ್ಬಿಸುವಂಥದ್ದು! ಫೋನನ್ನು ಎದೆಯ ಮೇಲಿಟ್ಟುಕೊಂಡು, ಮೈಕಿನ ಚಿತ್ರ ಮುಟ್ಟಿ, ಗಂಟಲು ಸರಿಮಾಡಿಕೊಂಡು, "ಎಲ್ಲರೂ ಕೇಳಿಸಿಕೊಳ್ಳಿ..." ಎಂದ. ಮುಂದಿನ ಮಾತು ಹುಡುಕಿದ. ಮೇಲೆ ಫ್ಯಾನು ಒಂದೇ ಲಯದಲ್ಲಿ ತಿರುಗುತ್ತಿತ್ತು. ಕಿಟಕಿಯ ಪರದೆ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಬಿಸಿಲಿನ ಕೋಲಿನೊಳಗೆ ದೂಳಿನ ಕಣಗಳು ಎಲ್ಲಿಗೂ ಹೋಗುವ ಆತುರವಿಲ್ಲದೆ ತೇಲುತ್ತಿದ್ದವು. ಒಳಗೆಲ್ಲೋ ಹೆಂಡತಿ ಪಾತ್ರೆ ಜೋಡಿಸುವ ಸದ್ದು ದೂರವಾಗುತ್ತ, ಮೆತ್ತಗಾಗುತ್ತ, ನೀರಿನ ಸದ್ದಾಯಿತು.

ಹೊರಗೆ ಯಾವುದೋ ಲಾರಿ ಕಿರುಚಿದಾಗ ಮೈಕಣ್ಣ ಬೆಚ್ಚಿಬಿದ್ದು ಕಣ್ಣು ಬಿಟ್ಟ. ಫೋನು ನೋಡಿದರೆ ಪರದೆಯ ತುಂಬ ಅಕ್ಷರ! "ಆಹಾ! ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಇಷ್ಟೊಂದು ಬಯ್ದಿದ್ದೀನಾ!" ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡು ಹಸಿರು ಗುಂಡಿ ಒತ್ತಿದ.

ಮರುದಿನ ಬೆಳಿಗ್ಗೆ ಬ್ರೆಡ್ಡು ತರಲು ಹೊರಟವನಿಗೆ ಬೀದಿಯೇ ಬೇರೆಯಾಗಿ ಕಂಡಿತು. ಕ್ಷೌರಿಕ ಕತ್ತರಿ ನಿಲ್ಲಿಸಿ ಕೈಮುಗಿದ. ಬೀಗದಂಗಡಿಯ ಅಜ್ಜ ನಕ್ಕ! ಆ ಮುಖದಲ್ಲಿ ಹಲ್ಲುಗಳಿವೆ ಎಂಬುದೇ ಮೈಕಣ್ಣನಿಗೆ ಗೊತ್ತಿರಲಿಲ್ಲ. ಬ್ರೆಡ್ಡಿನಂಗಡಿಯ ಹೆಂಗಸು ಅವನನ್ನು ನೋಡುತ್ತ ನೋಡುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. ಏನೋ ಮಸಲತ್ತು ನಡೆದಿದೆ ಎಂದುಕೊಂಡು ಮೈಕಣ್ಣ ದಾಪುಗಾಲಿಟ್ಟು ಮನೆ ಸೇರಿದರೆ, ಹಿಂದೆಯೇ ಹಾಸಿಗೆ ಅಂಗಡಿಯವನು ಬಂದ.

"ಬಾರಯ್ಯ ಬಾ! ಜಗಳಕ್ಕೆ ತಾನೇ? ನಾನೂ ಸಿದ್ಧ!" ಮೈಕಣ್ಣ ತೋಳೇರಿಸಿದ.

ಹಾಸಿಗೆಯವನು ಅವನ ಎರಡೂ ಕೈ ಹಿಡಿದುಕೊಂಡ. "ಅಣ್ಣ, ಬೆಳಿಗ್ಗೆಯಿಂದ ಅಂಗಡೀಲಿ ಜನವೋ ಜನ. ಬಂದವರೆಲ್ಲ ಹಾಸಿಗೆ ಮೇಲೆ ಮೆಲ್ಲಗೆ ಕೈ ಇಟ್ಟು ನೋಡ್ತಿದ್ದಾರೆ."

"ಯಾಕೆ?"

"ಉಸಿರಾಡುತ್ತಾ ಅಂತ!"

ಮೈಕಣ್ಣನಿಗೆ ತಲೆಬುಡ ತಿಳಿಯಲಿಲ್ಲ. ಆಗ ಮಗಳು ಫೋನು ತೆಗೆದು, ಅಪ್ಪನ ಬರಹವನ್ನು ಅಪ್ಪನಿಗೇ ಓದಿ ಹೇಳಿದಳು.

"ಎಲ್ಲರೂ ಕೇಳಿಸಿಕೊಳ್ಳಿ... ಬೀದಿ ಇವತ್ತು ಎಷ್ಟು ಮೆತ್ತಗಿದೆ. ನಡೆದ್ರೆ ಸದ್ದೇ ಇಲ್ಲ. ಹಾಸಿಗೆ ಅಂಗಡಿ ಬಾಗಿಲು ತೆಗೆದಿದೆ. ಒಳಗೆ ಹಾಸಿಗೆಗಳೆಲ್ಲ ಉಸಿರಾಡ್ತಿವೆ, ಮಲಗಿರೋ ಮಗುವಿನ ಹೊಟ್ಟೆ ಹಾಗೆ. ದಣಿದಿದ್ದೀರಾ? ಬನ್ನಿ. ಚಿಂತೇನ ಬಾಗಿಲ ಹೊರಗೆ ಬಿಟ್ಟು ಬನ್ನಿ, ಅದನ್ನ ಯಾರೂ ಕದಿಯೋದಿಲ್ಲ. ಬೀಗದಂಗಡಿ ಅಜ್ಜ ಕೀಲಿಗಳನ್ನ ಗಾಳಿಗೆ ತೂಗಿಬಿಟ್ಟಿದ್ದಾನೆ. ಅವು ಒಂದಕ್ಕೊಂದು ತಾಗಿದಾಗ ಊರಿನ ಬಾಗಿಲುಗಳೆಲ್ಲ ಬಾ ಬಾ ಅಂತಿವೆ. ನೀವು ಕಳ್ಕೊಂಡ ಕೀಲಿಗಳೂ ಅಲ್ಲೇ ಇವೆ. ಅಜ್ಜ ಯಾರನ್ನೂ ಬಯ್ಯೋದಿಲ್ಲ. ಕ್ಷೌರದಂಗಡಿ ಕನ್ನಡೀಲಿ ನಾನು ಚಿಕ್ಕೋನು. ಕಾಲು ನೆಲಕ್ಕೆ ಎಟುಕ್ತಿಲ್ಲ. ಹಿಂದೆ ಅಪ್ಪ ನಿಂತಿದ್ದಾರೆ. ಕಿವಿ ಹತ್ರ ನಿಧಾನ ಕಣಪ್ಪ, ಮಗು ಹೆದರ್ಕೊಳ್ಳುತ್ತೆ ಅಂತಿದ್ದಾರೆ... ಅಗೋ, ಅವಳು ಬಂದ್ಲು. ಅವಳು ಬಂದ ಕಡೆಯೆಲ್ಲ ದೀಪ ಹತ್ತುತ್ತೆ. ಅವಳಿಗೆ ಗೊತ್ತಿಲ್ಲ. ನೀವೂ ಹೇಳಬೇಡಿ..."

ಮೈಕಣ್ಣನ ಕಿವಿ ಕೆಂಪಾಗಿ, ಮೀಸೆಯ ತುದಿಗಳು ತಾವಾಗಿಯೇ ಇಳಿದವು. ಇಡೀ ಬೀದಿಗೆ ಹೇಳಿ, 'ಹೇಳಬೇಡಿ' ಎಂದಿದ್ದನಲ್ಲ! ಬಾಗಿಲ ಬಳಿ ನಿಂತಿದ್ದ ಹೆಂಡತಿಯ ಕಡೆ ನೋಡಲಾಗದೆ ಧ್ವನಿವರ್ಧಕದ ಕಡೆ ನೋಡಿದ.

"ಇದು ನಾನು ಹೇಳಿದ್ದಲ್ಲ ಕಣೇ! ಈ ಹಾಳು ಫೋನು ತಾನೇ ಏನೋ..."

"ನೀವೇ ರೀ" ಎಂದಳು ಹೆಂಡತಿ ಸಮಾಧಾನವಾಗಿ. "ನಿದ್ದೆಯಲ್ಲಿ ನೀವು ಮಾತಾಡೋದೇ ಹೀಗೆ. ಮದುವೆಯಾದಾಗಿನಿಂದ ಕೇಳ್ತಿದ್ದೀನಿ."

"ಹಾಗಾದ್ರೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಕೂಗಾಡಿ ನಿಲ್ಲಿಸಿಬಿಡ್ತಿದ್ರಿ. ಹಗಲೆಲ್ಲ ನಿಮ್ಮ ಬಯ್ಗುಳ ತಡ್ಕೊಳ್ಳೋಕೆ ನನಗೂ ಒಂದು ಆಧಾರ ಬೇಡ್ವಾ?"

ಹಾಸಿಗೆಯವನಿಗೆ ಗಂಡಹೆಂಡಿರ ಕತೆಗಿಂತ ವ್ಯಾಪಾರದ್ದೇ ಚಿಂತೆ. "ಅಣ್ಣ, ಇನ್ನು ಮೇಲೆ ನನ್ನ ಅಂಗಡಿ ಪ್ರಚಾರ ಪೂರ್ತಿ ನಿಮ್ಮದು. ಆದ್ರೆ ಇದೇ ಥರ ಬೇಕು."

ಮೊದಲ ಗಿರಾಕಿ! ಮೈಕಣ್ಣನ ಮೀಸೆ ಮತ್ತೆ ಎದ್ದಿತು. "ಇದೇನು ಮಹಾ! ಈಗಲೇ ತಗೋ!" ಎಂದು ಎದೆಯುಬ್ಬಿಸಿ, ಕಣ್ಣು ಅರ್ಧ ಮುಚ್ಚಿ, ಆದಷ್ಟು ಮೃದುವಾಗಿ ಶುರುಮಾಡಿದ: "ಹಾಸಿಗೆ... ಮೆತ್ತನೆಯ ಹಾಸಿಗೆ... ಬೇಕಾದವರು ತಗೊಳ್ಳಿ! ಬೇಡದವರು ನೆಲದ ಮೇಲೆ ಬಿದ್ದು ಬೆನ್ನು ಮುರ್ಕೊಳ್ಳಿ! ನನಗೇನಂತೆ!"

ಹಾಸಿಗೆಯವನು ಒಂದು ಹೆಜ್ಜೆ ಹಿಂದೆ ಸರಿದ. "ಇದು ಬೇಡಣ್ಣ. ಅದು ಬೇಕು. ನೀವು ಸ್ವಲ್ಪ... ಮಲಗಿದ್ರೆ ಒಳ್ಳೇದಿತ್ತು."

ಸಂಜೆಯೊಳಗೆ ಅಂಗಡಿಯಿಂದ ಹೊಸ ಹಾಸಿಗೆಯೇ ಬಂದು ಮುಂದಿನ ಕೋಣೆಯಲ್ಲಿ, ಸರಿಯಾಗಿ ಸೀಮೆಸುಣ್ಣದ ಗೆರೆಗಳ ನಡುವೆ ಮಲಗಿತು. ಮರುದಿನ ಮಧ್ಯಾಹ್ನ ಮೈಕಣ್ಣ ಯುದ್ಧಕ್ಕೆ ಹೊರಟವನಂತೆ ಅದರ ಮೇಲೆ ಅಡ್ಡಾದ. ನಿದ್ದೆ ಬರಲಿಲ್ಲ. ಎಡಕ್ಕೆ ಹೊರಳಿದ, ಬಲಕ್ಕೆ ಹೊರಳಿದ. "ಏಯ್, ಬರ್ತೀಯೋ ಇಲ್ವೋ!" ಎಂದು ನಿದ್ದೆಗೇ ಅಬ್ಬರಿಸಿದ. ಅಷ್ಟಿಷ್ಟು ಹತ್ತಿರ ಬಂದಿದ್ದ ನಿದ್ದೆಯೂ ಓಡಿಹೋಯಿತು. ಕಡೆಗೆ ಹೆಂಡತಿಯೇ ಬಂದು ಪರದೆ ಎಳೆದಳು. ಪಕ್ಕದಲ್ಲಿ ಕುಳಿತು, ಯಾವ ಸೀರೆಗೆ ಫಾಲ್ಸ್ ಹೊಲಿಸಬೇಕು, ಯಾವ ನಲ್ಲಿ ಸೋರುತ್ತಿದೆ, ಯಾವ ನೆಂಟರ ಮಗಳಿಗೆ ಗಂಡು ಗೊತ್ತಾಗಿದೆ ಎಂದು ಒಂದೇ ಸಮನೆ ಹೇಳತೊಡಗಿದಳು. ನೆಂಟರ ಮಗಳು ತಲುಪುವುದರೊಳಗೆ ಮೈಕಣ್ಣ ಗೊರಕೆ ಹೊಡೆಯುತ್ತಿದ್ದ. ಗೊರಕೆ ನಿಂತು ಮಾತು ಹುಟ್ಟಿದಾಗ ಅವಳು ಮೆಲ್ಲಗೆ ಫೋನನ್ನು ಅವನ ತುಟಿಯ ಬಳಿ ಹಿಡಿದಳು.

ಆಮೇಲಿನದು ಬೀದಿಗೆಲ್ಲ ಗೊತ್ತು. ಬ್ಲಾಗಿನಲ್ಲಿ ಕೊಡೆ ಅಂಗಡಿಯ ಕೊಡೆಗಳು ಹಕ್ಕಿಗಳಾಗಿ ಮಾಡಿನ ಮೇಲೆ ಕುಳಿತವು. ಕನ್ನಡಕದಂಗಡಿಯ ಗಾಜಿನಲ್ಲಿ ಸತ್ತುಹೋದವರು ಒಂದು ಕ್ಷಣ ಕಂಡು ಕೈಬೀಸಿದರು. ಹಾಗೆ ಬರೆದಾಗಲೆಲ್ಲ ಜನ ಆ ಅಂಗಡಿಗಳಿಗೆ ಹೋಗಿ, ನೋಡಿ, ಹೇಗೂ ಬಂದೆವಲ್ಲ ಎಂದು ಏನಾದರೂ ಕೊಂಡು ಬಂದರು. ಪ್ರತಿ ಮಧ್ಯಾಹ್ನ ಮೈಕಣ್ಣನ ಬಾಗಿಲ ಮುಂದೆ ವರ್ತಕರ ಸಾಲು. ಸದ್ದಾದರೆ ಕನಸು ಕೆಡುತ್ತದೆಂದು ಎಲ್ಲರ ಕೈಯಲ್ಲೂ ಚಪ್ಪಲಿ! ಎಲ್ಲರ ಉಸಿರೂ ಬಿಗಿ! ಶಪಥ ಅಕ್ಷರಶಃ ನೆರವೇರಿತ್ತು. ನೋಡಿ ಮೀಸೆ ತಿರುವಬೇಕಾದವನು ಮಾತ್ರ ಆ ಹೊತ್ತಿಗೆ ಒಳಗೆ ದಿಂಬು ತಬ್ಬಿಕೊಂಡು ಬಿದ್ದಿರುತ್ತಿದ್ದ.

ತಿಂಗಳ ಕೊನೆಯ ದಿನ ಭಾವಮೈದುನ ಬಂದ. ಮೂಟೆಗಳ ಗಾಡಿ ಜೊತೆಯಲ್ಲಿರಲಿಲ್ಲ. ಬಾಗಿಲ ಹೊರಗೇ ಚಪ್ಪಲಿ ಕೈಗೆತ್ತಿಕೊಂಡು, ರೆಪ್ಪೆಯ ಮೇಲಿನ ಹಿಟ್ಟು ಒರೆಸಿಕೊಳ್ಳುತ್ತ, ಅಕ್ಕನ ಕಿವಿಯ ಬಳಿ ಬಗ್ಗಿದ.

"ಅಕ್ಕ, ಕೋಣೆ ವಿಷಯ ಬಿಡು. ಊರೋರ ಅಂಗಡಿಯೆಲ್ಲ ಭಾವನ ಕನಸಲ್ಲಿ ಬಂತು. ನನ್ನ ಗಿರಣಿ ಯಾಕಕ್ಕ ಬರಲಿಲ್ಲ? ನಾನೇನು ಹೊರಗಿನವನಾ? ಸ್ವಲ್ಪ ಹೇಳಿ ಬರೆಸಿಕೊಡೇ."

ಒಳಗಿದ್ದ ಮೈಕಣ್ಣನ ಕಿವಿಗೆ ಈ ಮಾತು ಅಮೃತದಂತೆ ಬಿತ್ತು. ಆಗಷ್ಟೇ ಎಚ್ಚರಗೊಂಡಿದ್ದವನು ಧಡಕ್ಕನೆ ಎದ್ದ. ಎಷ್ಟು ದಿನದಿಂದ ಕಾದಿದ್ದ ಗಳಿಗೆ! ಏನು ಹೇಳಬೇಕೆಂಬುದೂ ಬಾಯಿಯಲ್ಲಿ ಸಿದ್ಧವಿತ್ತು. ಎರಡೂ ಕೈಯಿಂದ ಮೀಸೆ ಹುರಿಮಾಡುತ್ತ, ಮನೆಯ ಗಾಜುಗಳು ಅದುರುವಂತೆ ಗುಡುಗಿದ:

"ಯಾರೋ ಅದು? ಮೂಟೆಗೆ ಬಾಯಿ ಹೊಲಿಯೋಕೆ ಕರೆದವನಾ?"

ಹೆಂಡತಿ ಸರಕ್ಕನೆ ಕೋಣೆಯ ಬಾಗಿಲೆಳೆದು ಹೊರಗಿನಿಂದ ಚಿಲಕ ಹಾಕಿದಳು. ತಮ್ಮನ ಕಡೆ ತಿರುಗಿ, ತಪ್ಪು ತನ್ನದೇ ಎನ್ನುವಂತೆ ತಗ್ಗಿದ ದನಿಯಲ್ಲಿ ಹೇಳಿದಳು:

"ಅವರು ಈಗ ಎದ್ದಿದ್ದಾರೆ ಕಣೋ. ಆಮೇಲೆ ಬಾ."